ಆರನೇ ಭಾಗದ ಬೈಂಡು

ವಾರಪತ್ರಿಕೆಯವರು ಒಬ್ಬೊಬ್ಬ ಓದುಗನಿಗೂ ಒಂದೇ ಧಾರಾವಾಹಿಯನ್ನು ಬೇರೆ ಬೇರೆ ಕಥೆಯಾಗಿ ಅಚ್ಚು ಹಾಕಿ ಕಳಿಸತೊಡಗಿ ಎರಡು ವರ್ಷವಾಯಿತು. ಧಾರಾವಾಹಿಯ ಹಾಳೆ ಕತ್ತರಿಸಿಟ್ಟು ಬೈಂಡ್ ಮಾಡಿಸುವವರು ಮಾತ್ರ ಈಗಲೂ ನನ್ನ ಅಂಗಡಿಗೇ ಬರುತ್ತಾರೆ.

ಚನ್ನವೀರಪ್ಪ, ಅವರ ಹೆಂಡತಿ ನೀಲಗಂಗಮ್ಮ 'ಉಂಗುರದಾಚೆ' ಎಂಬ ಗಗನನೌಕೆಯ ಕಾದಂಬರಿಯ ಹೊಸ ಆರನೇ ಭಾಗ ತಂದರು, ತಮಗೆ ತಮಗೆ ಬಂದ ಬೇರೆ ಬೇರೆ ಕಟ್ಟು. ಎಲ್ಲರಿಗೂ ಒಂದೇ ಕಥೆ ಬರುತ್ತಿದ್ದ ಕಾಲದ ಹಿಂದಿನ ಐದನ್ನು ಒಬ್ಬರು ಓದಿ ಇನ್ನೊಬ್ಬರು ಕೇಳಿದವರು. ಅವನ್ನು ಒಂದೇ ಸಂಪುಟವಾಗಿ ಹೊಲಿದವನು ನಾನು.

"ನಂದರಾಗ ಕ್ಯಾಪ್ಟನ್ ಮಂದಾಕಿನಿ ಸತ್ತಾಳ್ರೀ. ಛಲೋ ಬರದಾರ, ಆದ್ರ ಓದಬಾರದಿತ್ತು ಅನ್ನಸ್ತದ," ಎಂದರು ಚನ್ನವೀರಪ್ಪ.

"ನಂದರಾಗ ಮನಿಗೆ ಬಂದು ಹೋಳಿಗಿ ಮಾಡ್ತಾಳ. ಖುಷಿ ಆತು. ಆದ್ರ ಆಕಿ ಹೋಳಿಗಿ ಮಾಡಾಕಿ ಅಲ್ಲ," ಎಂದರು ನೀಲಗಂಗಮ್ಮ.

ಹಳೆಯ ಸಂಪುಟಕ್ಕೆ ಯಾರದನ್ನು ಸೇರಿಸಲಿ ಎಂದು ಕೇಳಿದೆ. "ಆಕೀದ ಹಾಕ್ರಿ", "ಅವರದ ಹಾಕ್ರಿ" ಎನ್ನುತ್ತ ಎರಡೂ ಕಟ್ಟು ಬಿಟ್ಟು ಹೋದರು. ನಾನು ಎರಡನ್ನೂ ತೆಗೆದುಕೊಂಡು, ಕೈರೂಢಿಯಲ್ಲಿ ಪುಟಸಂಖ್ಯೆಯಷ್ಟೇ ನೋಡಿ ಬೆರೆಸಿ ಹೊಲಿದುಬಿಟ್ಟೆ. ಮಂದಾಕಿನಿ ಒಂದು ಪುಟದಲ್ಲಿ ಸತ್ತು ಮರುಪುಟದಲ್ಲಿ ಹೂರಣ ರುಬ್ಬುತ್ತಿದ್ದಳು.

ಮರುವಾರ ಇಬ್ಬರೂ ಅಂಗಡಿಗೆ ಬಂದು ನಿಂತಲ್ಲೇ ಓದಿ ಕಕ್ಕಾಬಿಕ್ಕಿಯಾದರು. "ತಪ್ಪಾತು, ಬಿಚ್ಚಿ ಕೊಡ್ತೀನಿ," ಎಂದೆ.

ನೀಲಗಂಗಮ್ಮ ಪುಸ್ತಕ ಎದೆಗವಚಿಕೊಂಡರು. "ಬ್ಯಾಡ್ರೀ. ಅರ್ಥ ಆಗವಲ್ದು ಖರೆ, ಆದ್ರ ಇಬ್ರಿಗೂ ಒಂದ ಥರಾ ಆಗವಲ್ದಲ್ಲ. ನಡೀರಿ, ಮೊದಲಿಂದ ಕೂಡಿ ಓದೂಣು," ಎಂದು ಗಂಡನ ಕಡೆ ತಿರುಗಿದರು.