ಕಡ್ಡಿಯ ವಾಕಿಂಗು

ಕಡ್ಡಿ ಎಂದು ಹೆಸರಿಟ್ಟ ನಾಯಿ ಕುಂಬಳಕಾಯಿಯ ಹಾಗೆ ಊದಿಕೊಂಡಿತ್ತು. ಬೆಳಿಗ್ಗೆ ಹೆಂಡತಿ, ಸಂಜೆ ಗಂಡ, ದಿನಕ್ಕೆರಡು ಸಲ ಕೆರೆಯ ತನಕ ಸುತ್ತಾಡಿಸಿಕೊಂಡು ಬಂದರೂ ಆರು ಕೆಜಿ ಜಾಸ್ತಿಯಾಗಿದೆ ಎಂದು ದನದ ಡಾಕ್ಟರು ಗದರಿದರು. “ಒಂದಿನ ಇಬ್ಬರೂ ಕೂಡಿ ಹೋಗಿ ನೋಡ್ರಿ, ದಾರೀಲಿ ಏನು ತಿಂತದೋ.”

ಗಂಡನ ಎದೆ ಧಸಕ್ಕೆಂದಿತು. ಅವನಿಗೆ ಸಕ್ಕರೆ ಕಾಯಿಲೆ ಬಂದಾಗಿನಿಂದ ಮನೆಯಲ್ಲಿ ಬರೀ ರಾಗಿ ಅಂಬಲಿ. ಹೆಂಡತಿಯೂ ಅದನ್ನೇ ಕುಡಿದು ವ್ರತ ಹಿಡಿದಿದ್ದಳು. ಅವನು ಮಾತ್ರ ಕೆರೆ ದಾರಿಯ ಮಿರ್ಚಿ ಅಂಗಡಿಯಲ್ಲಿ ನಾಯಿಗೊಂದು, ತನಗೆರಡು ಎಂದು ನಿತ್ಯ ನೈವೇದ್ಯ ನಡೆಸಿದ್ದ.

ಭಾನುವಾರ ಬೆಳಿಗ್ಗೆ ಮೂವರೂ ಹೊರಟರು. ದಾರಿ ಎರಡಾಗುವಲ್ಲಿ ಕಡ್ಡಿ ನಿಂತಿತು. ಬಲಗಡೆಯಿಂದ ಮಿರ್ಚಿ ಕರಿಯುವ ವಾಸನೆ ಬರುತ್ತಿತ್ತು. ಅವನು ಮನಸ್ಸಿನಲ್ಲೇ ಮನೆದೇವರಿಗೆ ಕೈಮುಗಿದ. ನಾಯಿ ಎಡಕ್ಕೆ ಜಗ್ಗಿತು.

“ಆ ಕಡೆ ಬೇಡ್ರಿ, ಬಲಕ್ಕೆ ಹೋಗೋಣ,” ಅಂದಳು ಹೆಂಡತಿ.

“ಪಾಪ, ಅದರ ಇಷ್ಟದಂಗೆ ಹೋಗ್ಲಿ ಬಿಡೇ,” ಎಂದು ಅವನು ಹಗ್ಗ ಸಡಿಲ ಬಿಟ್ಟ.

ಕಡ್ಡಿ ಇಬ್ಬರನ್ನೂ ಎಳೆದುಕೊಂಡು ಓಡಿತು. ಬೆಣ್ಣೆದೋಸೆ ಹೋಟೆಲಿಗೆ ನುಗ್ಗಿ, ಮೂಲೆಯ ಬೆಂಚಿನ ಕೆಳಗೆ ಮನೆಯವರ ಹಾಗೆ ಮಲಗಿತು.

ಒಲೆಯ ಮುಂದಿದ್ದ ಹೋಟೆಲಿನಾಕೆ ತಲೆಯೆತ್ತಿದಳು.

“ಬರ್ರಿ ಅಕ್ಕಾರೆ. ದಿನದಂಗೆ ಕಡ್ಡಿಗೆ ಎರಡು, ನಿಮಗೆ ಮೂರು ಹಾಕೀನಿ. ಯಜಮಾನ್ರಿಗೆ ಎಷ್ಟು ಹಾಕ್ಲಿ?”