ಕೈಯಲ್ಲಿ ಹಿಡಿಯುವ ಕೇಕು

ಮುಚ್ಚಳದ ಮೇಲಿನ ಕೆಂಡ ಸರಿಸಿ, ದೇವಕ್ಕಿ ಪಾತ್ರೆಯನ್ನು ಬಾಳೆಲೆಯ ಮೇಲೆ ಮಗುಚಿದಳು. ಉಸಿರು ಬಿಗಿಹಿಡಿದು ಕೇಕಿಗೆ ಚೂರಿ ಊರಿದಳು.

ಮಗಳು ದಮಯಂತಿಗೆ ಗೋಧಿ ಕೂಡದೆಂದು ಮೈಸೂರಿನಿಂದ ಬಂದ ಹೊಸ ಡಾಕ್ಟರು ಹೇಳಿದಂದಿನಿಂದ ದೇವಕ್ಕಿ ಅಕ್ಕಿಹಿಟ್ಟಿನಲ್ಲಿ ಮಾಡಿದ ಕೇಕೆಲ್ಲ ಚೂರಿ ತಾಗುತ್ತಲೇ ಪುಡಿಯಾಗಿತ್ತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮನೆಯ ಕ್ರಿಸ್‌ಮಸ್‌ನಲ್ಲಿ ಉಳಿದ ಮಕ್ಕಳು ಕೇಕು ಹಿಡಿದು ಓಡಾಡುತ್ತಿದ್ದರೆ, ದಮಯಂತಿ ಜಗಲಿಯಲ್ಲಿ ಕುಳಿತು ಮನೆಯಿಂದ ತಂದ ಪುಡಿಯನ್ನು ಚಮಚದಲ್ಲಿ ತಿನ್ನುತ್ತಿದ್ದಳು. ಈ ಸಲ ಅವಳು, ಒತ್ತುಶ್ಯಾವಿಗೆಗೆ ಮಾಡುವ ಹಾಗೆ, ಅಂಟು ಬರಲೆಂದು ಅರ್ಧ ಹಿಟ್ಟನ್ನು ಮೊದಲೇ ಕುದಿನೀರಿನಲ್ಲಿ ಬೇಯಿಸಿಕೊಂಡಿದ್ದಳು.

ಚೂರಿ ತಳ ಮುಟ್ಟಿತು. ತುಂಡು ನೆಟ್ಟಗೆ ನಿಂತಿತು. ದೇವಕ್ಕಿಗೆ ನಗು ತಡೆಯಲಾಗಲಿಲ್ಲ.

ಎಂದಿನಂತೆ ಚಮಚ ಹಿಡಿದೇ ಕುಳಿತಿದ್ದ ಮಗಳು ಕಣ್ಣರಳಿಸಿ ಅಪ್ಪಣೆ ಕೇಳಿದಳು. "ಕೈಲೇ ಹಿಡ್ಕಣಕ್ಕಾ, ಅವ್ವ?"

"ಹಿಡ್ಕ ಮಗ."

ದಮಯಂತಿ ಚಮಚವನ್ನು ನೆಲಕ್ಕಿಟ್ಟಳು. ತುಂಡನ್ನು ಎತ್ತಿಕೊಂಡು, ತಿನ್ನುವುದನ್ನೇ ಮರೆತು, ಅಂಗಳದ ತುಂಬ ಓಡತೊಡಗಿದಳು.