ದೊಡ್ಡಮ್ಮನ ತಟ್ಟೆ

"ಮೇಡಂ, ದೊಡ್ಡಮ್ಮ ದೀಪದ ಕೆಳಗೇ ಇದ್ರು. ನಾನು ನೋಡ್ಲಿಲ್ಲ."

ಸಂಶೋಧನೆ ಮಾಡುವ ಹುಡುಗಿ ಬಾಗಿಲಲ್ಲೇ ನಿಂತು ಇಷ್ಟು ಹೇಳುವಷ್ಟರಲ್ಲಿ ಮೇಡಂ ಕುರ್ಚಿ ಬಿಟ್ಟು ಎದ್ದಿದ್ದರು. ದೊಡ್ಡಮ್ಮ ಎಂದರೆ ಮನುಷ್ಯರಲ್ಲ. ಅಂಗೈಯಗಲದ ತಟ್ಟೆಯಲ್ಲಿ ಈಜಾಡುವ, ಬರಿಗಣ್ಣಿಗೆ ಕಾಣದ ರೋಗದ ಜೀವಿಗಳು. ಮೇಡಂ ಅವರ ಅಕ್ಕನ ರಕ್ತದಿಂದ ತೆಗೆದವು. ಅಕ್ಕ ಆ ರೋಗದಲ್ಲೇ ಹೋದಳು. ಮೇಡಂ ಅಕ್ಕ ಎಂದ ಮೇಲೆ ನಮಗೆ ದೊಡ್ಡಮ್ಮ ತಾನೇ ಎಂದು ಯಾವ ಕಾಲದಲ್ಲೋ ಯಾರೋ ವಿದ್ಯಾರ್ಥಿಗಳು ಇಟ್ಟ ಹೆಸರು. "ದೊಡ್ಡಮ್ಮನಿಗೆ ಊಟ ಆಯ್ತಾ?" ಎಂದು ಕೇಳದೆ ಆ ಲ್ಯಾಬಿನಿಂದ ಯಾರೂ ಮನೆಗೆ ಹೊರಡುವುದಿಲ್ಲ.

ಕೆಲಸ ಮುಗಿದ ಕೂಡಲೇ ಗಾಜಿನ ಪೆಟ್ಟಿಗೆಯೊಳಗಿನ ನೀಲಿ ದೀಪ ಹಾಕಬೇಕು, ಅಳಿದುಳಿದ ಸೂಕ್ಷ್ಮಜೀವಿಗಳೆಲ್ಲ ಸಾಯಲಿ ಎಂದು. ಹುಡುಗಿ ಅಭ್ಯಾಸಬಲದಿಂದ ಸ್ವಿಚ್ ಒತ್ತಿ ಟೀ ಕುಡಿಯಲು ಹೋಗಿದ್ದಳು. ಮುಚ್ಚಳ ತೆಗೆದ ತಟ್ಟೆ ಒಳಗೇ ಇತ್ತು. ಫ್ರೀಜರ್ ಕೆಟ್ಟು ಕಾಪಿಟ್ಟಿದ್ದೆಲ್ಲ ಹಾಳಾದ ಮೇಲೆ ಉಳಿದಿದ್ದು ಅದೊಂದೇ ತಟ್ಟೆ.

ಮೇಡಂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಒಂದೂ ಅಲುಗಾಡುತ್ತಿರಲಿಲ್ಲ.

"ಬೈದುಬಿಡಿ ಮೇಡಂ."

"ಬೈದ್ರೆ ಈಜ್ತವಾ? ಹೊಸ ಊಟ ಹಾಕಿ ಬೆಚ್ಚಗಿಡು, ಹೋಗು."

ಅಕ್ಕನಿಗೆ ಕೊಟ್ಟ ಮಾತ್ರೆ ಯಾಕೆ ನಾಟಲಿಲ್ಲ? ಆ ಒಂದು ಪ್ರಶ್ನೆಗಾಗಿಯೇ ಅವರು ಇಷ್ಟು ವರ್ಷ ಅವುಗಳನ್ನು ಸಾಕಿದ್ದು. ಮನೆಯಲ್ಲಿ ಅಮ್ಮನ ಬಳಿ ಉತ್ತರ ಯಾವತ್ತೋ ಸಿದ್ಧವಿತ್ತು: "ಒಂದು ಸಂಜೆ ಮಾತ್ರೆ ಕೊಡೋದು ಮರೆತೆ. ಅವಳನ್ನ ನಾನೇ ಕೊಂದೆ." ಅಲ್ಲಮ್ಮ ಎನ್ನಲು ಮಗಳ ಹತ್ತಿರ ಪುರಾವೆ ಇರಲಿಲ್ಲ. "ಹಾವಿಗೆ ಹಾಲೆರೀತಾ ಕೂತಿದೀಯ" ಎಂದು ಹಂಗಿಸುವ ಅಮ್ಮನಿಗೆ ಇನ್ನು ಏನು ಹೇಳುವುದು? ಸಾಕ್ಷಿ ಹೇಳಬೇಕಾದವೇ ಸತ್ತು ಬಿದ್ದಿದ್ದವು. ಯಾವುದನ್ನು ಕೊಲ್ಲಲು ಬದುಕನ್ನೇ ಸವೆಸಿದ್ದರೋ ಅದು ಬದುಕಿಕೊಳ್ಳಲಿ ಎಂದು ಮೇಡಂ ಆ ದಿನವೆಲ್ಲ ಬೇಡಿಕೊಂಡರು. ಅವರಿಗೇ ನಾಚಿಕೆಯಾಯಿತು.

ಮಾರನೆಯ ಬೆಳಗ್ಗೆ ತಟ್ಟೆ ಹೊರತೆಗೆದು ನೋಡಿದರು. ಒಂದರ ಬಾಲ ಮಿಸುಕಿದಂತಾಯಿತು. ಕಣ್ಣಿನ ಭ್ರಮೆಯೇನೋ. ತಟ್ಟೆ ಸ್ವಲ್ಪ ಸರಿಸಿದರು. ಅಲ್ಲಿ ಸಂತೆಯೇ ನೆರೆದಿತ್ತು.

"ಬಾರೇ ಇಲ್ಲಿ."

ಹುಡುಗಿ ಇಣುಕಿದಳು. "ಈಜ್ತಿವೆ! ಹೇಗೆ ಮೇಡಂ? ಆ ಬೆಳಕಿಗೆ ಡಿಎನ್‌ಎ ಎಲ್ಲ ಹಾಳಾಗಿರಬೇಕಲ್ಲ?"

"ಆಗಿತ್ತು. ರಾತ್ರಿಯೆಲ್ಲ ಕೂತು ರಿಪೇರಿ ಮಾಡ್ಕೊಂಡಿವೆ. ಗಟ್ಟಿಪಿಂಡ ಕಣೇ."

ಕಣ್ಣಿಲ್ಲ, ಕೈಯಿಲ್ಲ, ಮಿದುಳಂತೂ ಇಲ್ಲವೇ ಇಲ್ಲ. ಇರುವುದು ಒಂದೇ ಒಂದು ಜೀವಕೋಶ. ತನ್ನೊಳಗಿನ ಡಿಎನ್‌ಎ ಎಳೆ ಎಲ್ಲೆಲ್ಲಿ ಕೆಟ್ಟಿದೆ ಎಂದು ತಾನೇ ಹುಡುಕಿ, ಕತ್ತರಿಸಿ, ಹೊಲಿದುಕೊಂಡು, ಬೆಳಗಾಗುವಷ್ಟರಲ್ಲಿ ಏನೂ ಆಗೇ ಇಲ್ಲ ಎನ್ನುವಂತೆ ಈಜುತ್ತಿದೆ. ಮೇಡಂಗೆ ಮೈ ಜುಮ್ಮೆಂದಿತು. ಅಕ್ಕನನ್ನು ತಿಂದ ಪ್ರಾಣಿಗೆ ಕೈಮುಗಿಯಬೇಕು ಎನಿಸಿತು. ಮರುಕ್ಷಣ ತಲೆ ಎತ್ತಿದರು.

"ಅಕ್ಕನ ಮಾತ್ರೆ ಮಾಡೋದೂ ಇದನ್ನೇ ಅಲ್ವಾ? ಆ ಎಳೆ ಕಡಿಯೋದು?"

"ಹೌದು ಮೇಡಂ."

"ಮಾತ್ರೆ ಇವುಗಳ ಒಳಗೇ ಹೋಗ್ತಿಲ್ಲ ಅಂತ ಇಷ್ಟು ವರ್ಷ ನಾವು ಬಾಗಿಲು ತಡಕಾಡಿದ್ವಿ. ಹೋಗಿದ್ರೆ? ಹೋಗಿ, ಕಡಿದು, ಇವು ಮತ್ತೆ ಹೊಲ್ಕೊಂಡಿದ್ರೆ?"

ತಿಂಗಳೊಪ್ಪತ್ತು ಇಬ್ಬರೂ ಅದೇ ಕೆಲಸಕ್ಕೆ ಬಿದ್ದರು. ಒಂದು ತಟ್ಟೆಗೆ ದಿನವೂ ತಪ್ಪದೆ ಔಷಧಿ ಹಾಕಿದರು, ಇನ್ನೊಂದಕ್ಕೆ ನಡುವೆ ಒಂದು ಸಲ ಬೇಕೆಂದೇ ತಪ್ಪಿಸಿದರು. ಎರಡರಲ್ಲೂ ಎಳೆಗಳು ತುಂಡಾದವು, ಎರಡರಲ್ಲೂ ಕೂಡಿಕೊಂಡವು. ದೊಡ್ಡಮ್ಮ ಎರಡರಲ್ಲೂ ಆರಾಮಾಗಿ ಈಜುತ್ತಿದ್ದರು.

ಮೇಡಂ ಕೈಗವಸು ಕಳಚಿ ಮನೆಗೆ ಫೋನ್ ಮಾಡಿದರು.

"ಅಮ್ಮ, ಒಂದೂ ಮಾತ್ರೆ ಮರೀದೆ ಕೊಟ್ಟಿದ್ರೂ ಅಕ್ಕ ಉಳೀತಿರಲಿಲ್ಲ. ಕಣ್ಣಾರೆ ನೋಡಿದೀನಿ. ನಿನ್ನ ತಪ್ಪಲ್ಲಮ್ಮ."

ಆ ಕಡೆ ಮಂಚ ಕಿರುಗುಟ್ಟಿದ್ದು ಕೇಳಿಸಿತು.

"ಅವತ್ತಿನ ಮಾತ್ರೆ ಇನ್ನೂ ನನ್ನ ದಿಂಬಿನ ಕೆಳಗೇ ಇದೆ ಕಣೇ," ಎಂದರು ಅಮ್ಮ. "ಬಿಸಾಡ್ಲಾ?"